ನೋಟಕ್ಕೆ ಅಡ್ಡ ಬಂದ ಊರು

ಆಕ್ಸ್‌ಫರ್ಡ್‌ನಿಂದ ರೆಡಿಂಗ್ ಕಡೆಗೆ ಹೋಗುವ ರಸ್ತೆಯಲ್ಲಿ ಐದಾರು ಮೈಲಿ ಸಾಗಿದರೆ, ಇಕ್ಕೆಲಗಳಲ್ಲಿ ಒಂದೇ ಅಚ್ಚಿನಿಂದ ತೆಗೆದಿಟ್ಟಂತಿರುವ ಇಟ್ಟಿಗೆ ಮನೆಗಳ ಎರಡು ಸಾಲು ಎದುರಾಗುತ್ತದೆ. ಎರಡೆರಡು ಮನೆಗಳು ಒಂದೇ ಸೂರಿನಡಿ ಗೋಡೆಗೆ ಗೋಡೆ ತಾಗಿಸಿಕೊಂಡು ನಿಂತಿವೆ. ಹೆಂಚಿನ ಇಳಿಜಾರಿನಿಂದ ಪುಟ್ಟ ಕಿಟಕಿಗಳು ಹೊರಗೆ ಇಣುಕುತ್ತವೆ. ಒಂದು ಜೋಡಿಗೂ ಮುಂದಿನ ಜೋಡಿಗೂ ನಡುವೆ ಹಗ್ಗ ಹಿಡಿದು ಅಳೆದಂತಹ ಅಂತರವಿದೆ. ಪೂರ್ವಕ್ಕಿರುವ ಮಾರ್ಷ್ ಬಾಲ್ಡನ್ ಎಂಬ ಹಳ್ಳಿಯ ಕಿರುದಾರಿ ಇಲ್ಲಿ ಹೆದ್ದಾರಿಯನ್ನು ಕೂಡುತ್ತದೆ. ಪಶ್ಚಿಮಕ್ಕೆ, ಥೇಮ್ಸ್ ನದಿಯ ಮೇಲಿನ ದಿಬ್ಬದಲ್ಲಿ ಮರಗಳ ಮರೆಯಲ್ಲಿ ಒಂದು ದೊಡ್ಡ ಬಂಗಲೆ ಇದೆ. ಊರಿನ ಹೆಸರು ನ್ಯೂನಮ್ ಕೋರ್ಟ್ನಿ. ಎಲ್ಲೆಲ್ಲಿಂದಲೋ ಬಂದು ತಮಗೆ ತೋಚಿದಲ್ಲಿ ಮನೆ ಕಟ್ಟಿಕೊಂಡ ಜನರಿಂದ ಬೆಳೆದ ಊರು ಇದಲ್ಲವೆಂಬುದು ರಸ್ತೆಯಲ್ಲಿ ಹಾದುಹೋಗುವವರಿಗೂ ಒಂದೇ ನೋಟಕ್ಕೆ ತಿಳಿಯುತ್ತದೆ.

‘ನ್ಯೂನಮ್’ ಎಂದರೆ ಹಳೆಯ ಇಂಗ್ಲಿಷಿನಲ್ಲಿ ಹೊಸ ಊರು ಎಂದರ್ಥ. ನಮ್ಮಲ್ಲಿ ಹೋಬಳಿಗೊಂದರಂತೆ ಇರುವ ಹೊಸೂರು, ಹೊಸಹಳ್ಳಿಗಳ ಹಾಗೆ. ಕೋರ್ಟ್ನಿ ಎಂಬುದು ಮಧ್ಯಯುಗದಲ್ಲಿ ಅದನ್ನು ಹಿಡುವಳಿಯಾಗಿ ಪಡೆದಿದ್ದ ಮನೆತನದ ಹೆಸರು. 1086ರಲ್ಲಿ ವಿಲಿಯಂ ದೊರೆಯ ಅಧಿಕಾರಿಗಳು ಇಂಗ್ಲೆಂಡಿನ ಭೂಮಿಯನ್ನೆಲ್ಲ ಲೆಕ್ಕ ಹಿಡಿದು ಬರೆಸಿದ ಡೂಮ್ಸ್‌ಡೇ ದಫ್ತರದಲ್ಲೇ ಈ ಊರಿನ ಉಲ್ಲೇಖವಿದೆ. ಆದರೆ ಆ ದಫ್ತರದಲ್ಲಿರುವ ಹೊಸೂರು ಈಗ ರಸ್ತೆಯ ಬದಿಯಲ್ಲಿರುವ ಹೊಸೂರಲ್ಲ. ಅದು ಸುಮಾರು ಒಂದು ಮೈಲಿ ಆಚೆ, ಬಂಗಲೆ ಇರುವ ದಿಬ್ಬದ ಮಗ್ಗುಲಲ್ಲೇ ಇತ್ತು. 1760ರ ದಶಕದ ಆರಂಭದಲ್ಲಿ ಬಂಗಲೆಯ ಒಡೆಯ ಅದನ್ನು ಬುಡಸಮೇತ ಕೀಳಿಸಿ, ಜನರನ್ನು ರಸ್ತೆಯ ಬದಿಗೆ ಸಾಗಿಸಿದ. ಬರಗಾಲವೋ ಪ್ಲೇಗೋ ನೆರೆಯೋ ಇದಕ್ಕೆ ಕಾರಣವಾಗಿರಲಿಲ್ಲ. ಕಿಟಕಿಯಿಂದ ಕಾಣುವ ನೋಟಕ್ಕೆ ಊರು ಅಡ್ಡವಾಗಿತ್ತು, ಅಷ್ಟೇ.

ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ ಹೀಗೆ ಜಾಗ ಖಾಲಿ ಮಾಡಿದ ಊರು ಇದೊಂದೇ ಅಲ್ಲ. ಆದರೆ ಬೇರೆಡೆಯ ಎತ್ತಂಗಡಿಗಳು ಜಮೀನ್ದಾರರ ಲೆಕ್ಕಪುಸ್ತಕಗಳಲ್ಲೇ ಹೂತುಹೋದರೆ, ನ್ಯೂನಮ್‌ನ ಎತ್ತಂಗಡಿ ಇಂಗ್ಲಿಷ್ ಕಾವ್ಯದ ಒಳಗೆ ಸೇರಿಹೋಯಿತು. ಅದೂ ಎರಡು ತದ್ವಿರುದ್ಧ ದನಿಗಳಲ್ಲಿ. ಈ ಇತಿಹಾಸವನ್ನು ತೂಗುವವರು ಇಂದಿಗೂ ಆ ಎರಡು ದನಿಗಳಲ್ಲಿ ಒಂದನ್ನು ಹಿಡಿದು ಮಾತಾಡುತ್ತಾರೆ. ನನಗೆ ತೋರುವಂತೆ ಎರಡರಲ್ಲೂ ಒಂದೊಂದು ಪಾಲು ನಿಜವಿದೆ, ಆದರೆ ಎರಡೂ ಒಂದೇ ಪ್ರಶ್ನೆಯನ್ನು ಬದಿಗೆ ಸರಿಸಿವೆ.

ಒಡೆಯನ ಹೆಸರು ಸೈಮನ್ ಹಾರ್ಕೋರ್ಟ್. ಅದೇ ಹೆಸರಿನ ಅವನ ಅಜ್ಜ ಇಂಗ್ಲೆಂಡಿನ ಲಾರ್ಡ್ ಚಾನ್ಸೆಲರ್ ಆಗಿದ್ದವನು. 1712ರಲ್ಲಿ ನ್ಯೂನಮ್ ಜಹಗೀರನ್ನು ಕೊಂಡವನು ಆತನೇ. ಮೊಮ್ಮಗ 1749ರಲ್ಲಿ ಅರ್ಲ್ ಪದವಿಗೆ ಏರಿದ, ಮುಂದೆ ಮೂರನೆಯ ಜಾರ್ಜ್ ಆಗಲಿದ್ದ ರಾಜಕುಮಾರನ ಶಿಕ್ಷಣದ ಹೊಣೆ ಹೊತ್ತ, 1761ರಲ್ಲಿ ಜರ್ಮನಿಗೆ ಹೋಗಿ ಅದೇ ಜಾರ್ಜ್‌ಗೆ ಮದುವಣಗಿತ್ತಿಯಾಗಿ ಷಾರ್ಲಟ್ ರಾಜಕುಮಾರಿಯನ್ನು ಕರೆತಂದ, ಆಮೇಲೆ ಪ್ಯಾರಿಸಿನಲ್ಲಿ ರಾಯಭಾರಿಯೂ ಐರ್ಲೆಂಡಿನಲ್ಲಿ ದೊರೆಯ ಪ್ರತಿನಿಧಿಯೂ ಆದ. ಇಂತಹ ಮನುಷ್ಯನಿಗೆ ತಲೆಮಾರುಗಳಿಂದ ಬಂದಿದ್ದ ಹಳೆಯ ಮನೆ ಸಾಲದಾಯಿತು. 1756ರಲ್ಲಿ ನ್ಯೂನಮ್‌ನ ದಿಬ್ಬದ ಮೇಲೆ, ಸ್ಟಿಫ್ ಲೆಡ್‌ಬೆಟರ್ ಎಂಬ ವಾಸ್ತುಶಿಲ್ಪಿಯ ಕೈಯಲ್ಲಿ, ಇಟಲಿಯ ಪಲ್ಲಾಡಿಯೊ ಶೈಲಿಯ ಬಂಗಲೆಯ ಕೆಲಸ ಶುರುವಾಯಿತು. ಜಾಗವನ್ನು ಆರಿಸಿದ್ದೇ ನೋಟಕ್ಕಾಗಿ: ಕೆಳಗೆ ಬಳುಕುವ ಥೇಮ್ಸ್, ಆಚೆ ಹುಲ್ಲುಗಾವಲು, ದೂರದಲ್ಲಿ ಆಕ್ಸ್‌ಫರ್ಡ್‌ನ ಗೋಪುರಗಳು.

ಈ ನೋಟದ ಹುಚ್ಚು ಆ ಕಾಲದಲ್ಲಿ ಹೇಗೆ ಹಬ್ಬಿತೆಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಅದಕ್ಕೆ ಮುಂಚಿನ ತಲೆಮಾರಿನ ಸಿರಿವಂತರು ಫ್ರೆಂಚರನ್ನು ಅನುಸರಿಸಿ ನೇರ ಗೆರೆಗಳ, ಕತ್ತರಿಸಿದ ಬೇಲಿಗಳ ತೋಟ ಮಾಡಿಸುತ್ತಿದ್ದರು. ಹದಿನೆಂಟನೆಯ ಶತಮಾನದ ನಡುಭಾಗಕ್ಕೆ ಬರುವಾಗ ರುಚಿ ತಿರುಗಿತ್ತು. ತೋಟವೆಂಬುದು ಯಾರೂ ಮಾಡಿದ್ದಲ್ಲ, ತಾನಾಗಿ ಆದದ್ದು ಎಂದು ಕಾಣಬೇಕು. ಉರುಳಿಕೊಂಡು ಹೋಗುವ ಹಸಿರು, ಅಲ್ಲಲ್ಲಿ ಮರಗಳ ಗುಂಪು, ತಿರುವಿನಲ್ಲಿ ಮಾಯವಾಗುವ ನೀರು, ದೂರದಲ್ಲೊಂದು ಗ್ರೀಕ್ ಗುಡಿ. ದನಕರು ಬಂಗಲೆಯ ಅಂಗಳಕ್ಕೆ ಬರದಂತೆ ತಡೆಯಲು ಬೇಲಿಯ ಬದಲು ಕಣ್ಣಿಗೆ ಬೀಳದ ಕಂದಕ ತೋಡುತ್ತಿದ್ದರು. ಆಗ ಒಡೆಯನ ಹುಲ್ಲುಹಾಸು ದಿಗಂತದವರೆಗೂ ಒಂದೇ ಹಾಸಾಗಿ ಹರಡಿದಂತೆ ತೋರುತ್ತಿತ್ತು. ಈ ಚಿತ್ರದಲ್ಲಿ ಕುರಿಗಳಿಗೆ ಜಾಗವಿತ್ತು, ದೂರದಲ್ಲಿ ಕೋಲೂರಿ ನಿಂತ ಕುರುಬನಿಗೂ ಜಾಗವಿತ್ತು. ಆದರೆ ಕುರುಬನ ಗುಡಿಸಲಿಗೆ, ತಿಪ್ಪೆಗೆ, ಅವನ ಹೆಂಡತಿ ಒಣಹಾಕಿದ ಬಟ್ಟೆಗೆ ಜಾಗವಿರಲಿಲ್ಲ.

ಊರನ್ನೇ ಎತ್ತಲು ಕಾನೂನು ಹೇಗೆ ಒಪ್ಪಿತು ಎಂಬ ಪ್ರಶ್ನೆ ಸಹಜ. ಉತ್ತರ ಸರಳ: ಇಡೀ ಊರಿನ ನೆಲ ಒಬ್ಬನದೇ ಆಗಿದ್ದಲ್ಲಿ ತಡೆಯುವ ಕಾನೂನು ಇರಲಿಲ್ಲ. ಬಹುಪಾಲು ಜನ ಒಕ್ಕಲುಗಳು. ವರ್ಷಕ್ಕೊಮ್ಮೆ ಮುಗಿಯುವ ಕರಾರಿನವರು ಕೆಲವರು, ಒಂದೋ ಎರಡೋ ಮೂರೋ ತಲೆಗಳ ಜೀವಿತಾವಧಿಗೆ ಎಂದು ಬರೆಸಿಕೊಂಡ ಗೇಣಿಯವರು ಕೆಲವರು. ಮೊದಲಿನವರನ್ನು ಕಳಿಸಲು ಒಂದು ಮಾತು ಸಾಕಾಗುತ್ತಿತ್ತು; ಎರಡನೆಯವರಿಂದ ಗೇಣಿಯ ಹಕ್ಕನ್ನು ಕೊಂಡುಕೊಳ್ಳಬೇಕಿತ್ತು, ಇಲ್ಲವೇ ಅವರು ಸಾಯುವವರೆಗೆ ಕಾಯಬೇಕಿತ್ತು. ಪಾರ್ಲಿಮೆಂಟಿನ ಆವರಣ ಕಾಯಿದೆಗಳು, ಅಂದರೆ ಊರೊಟ್ಟಿನ ಗೋಮಾಳವನ್ನೂ ಹೊಲಗಳನ್ನೂ ಬೇಲಿ ಹಾಕಿ ಖಾಸಗಿಗೆ ಹಂಚುವ ಕಾಯಿದೆಗಳು, ಇದಕ್ಕೆ ಪಕ್ಕದ ಕಥೆ. 1604ರಿಂದ 1914ರವರೆಗೆ ಅಂತಹ 5,200ಕ್ಕೂ ಹೆಚ್ಚು ಕಾಯಿದೆಗಳಿಂದ ಸುಮಾರು 68 ಲಕ್ಷ ಎಕರೆ ನೆಲಕ್ಕೆ ಬೇಲಿ ಬಿತ್ತು. ಜೊತೆಗೆ ಇನ್ನೊಂದು ಲೆಕ್ಕಾಚಾರವೂ ಇತ್ತು. 1662ರ ಕಾನೂನಿನ ಪ್ರಕಾರ ಬಡವರನ್ನು ಸಾಕುವ ಹೊಣೆ ಅವರವರ ಚರ್ಚಿನ ವ್ಯಾಪ್ತಿಯ ಊರಿನದು, ಅಂದರೆ ಪ್ಯಾರಿಷ್‌ನದು, ಅದಕ್ಕಾಗಿ ತೆರಿಗೆ ಕಟ್ಟುವವರು ಅಲ್ಲಿನ ಭೂಮಿಯುಳ್ಳವರು. ಗುಡಿಸಲು ಕಡಿಮೆಯಾದಷ್ಟೂ ಬಡವರು ಕಡಿಮೆ, ಬಡವರು ಕಡಿಮೆಯಾದಷ್ಟೂ ತೆರಿಗೆ ಕಡಿಮೆ. ಒಬ್ಬನೇ ಒಡೆಯನಿರುವ ಊರುಗಳಲ್ಲಿ ಮನೆಗಳನ್ನು ಬೀಳಿಸಿ, ಕೂಲಿಗೆ ಮಾತ್ರ ಪಕ್ಕದೂರಿನವರನ್ನು ಕರೆಸುವ ಪದ್ಧತಿ ಬೆಳೆದದ್ದು ಹೀಗೆ. ನೋಟದ ರುಚಿಯೂ ಜೇಬಿನ ರುಚಿಯೂ ಎಷ್ಟೋ ಕಡೆ ಒಂದೇ ದಿಕ್ಕಿಗೆ ಎಳೆಯುತ್ತಿದ್ದವು.

ಈ ಹಿನ್ನೆಲೆಯಲ್ಲಿ ನೋಡಿದರೆ ಹಾರ್ಕೋರ್ಟ್ ಕೆಟ್ಟವರಲ್ಲಿ ಕೆಟ್ಟವನಲ್ಲ ಎಂಬುದನ್ನು ಒಪ್ಪಿಕೊಳ್ಳಲೇಬೇಕು. ಅವನು ಜನರನ್ನು ಬೀದಿಗೆ ತಳ್ಳಲಿಲ್ಲ. ಆಕ್ಸ್‌ಫರ್ಡ್‌ಗೆ ಹೋಗುವ ಸುಂಕದ ರಸ್ತೆಯ ಬದಿಗೆ ಗಟ್ಟಿ ಇಟ್ಟಿಗೆಯ, ಹೆಂಚು ಹೊದಿಸಿದ ಜೋಡಿಮನೆಗಳನ್ನು ಕಟ್ಟಿಸಿಕೊಟ್ಟ. ಆ ಕಾಲದ ಕೂಲಿಕಾರರ ಗುಡಿಸಲುಗಳಿಗೆ ಹೋಲಿಸಿದರೆ ಅವು ಬೆಚ್ಚಗಿನ, ಮಳೆಗೆ ಸೋರದ ಮನೆಗಳು. ಗಾಡಿಗಳು ಓಡಾಡುವ ರಸ್ತೆಯ ಪಕ್ಕದಲ್ಲಿರುವುದರಿಂದ ಕಮ್ಮಾರನಿಗೂ ಹೆಂಡದಂಗಡಿಯವನಿಗೂ ವ್ಯಾಪಾರ ಸಿಗುವ ಜಾಗ. ರೂಪದಲ್ಲಿ ಮಾತ್ರ ಅವು ಒಬ್ಬನ ಮನಸ್ಸಿನಿಂದ ಹೊರಟವು. ತನ್ನ ಮನೆಯ ಬಾಗಿಲು ಯಾವ ಕಡೆಗಿರಬೇಕು, ಪಕ್ಕದಲ್ಲಿ ಯಾರಿರಬೇಕು ಎಂದು ಒಕ್ಕಲಿಗ ಹೇಳುವಂತಿರಲಿಲ್ಲ.

ದೇವರ ಮನೆಯ ವಿಷಯದಲ್ಲಿ ಈ ಮನಸ್ಸು ಇನ್ನಷ್ಟು ಸ್ಪಷ್ಟವಾಗಿ ಕಾಣುತ್ತದೆ. ಹಳೆಯ ಊರಿನ ಮಧ್ಯಯುಗದ ಚರ್ಚನ್ನು ಕೆಡವಿ, 1764ರಲ್ಲಿ ಹೊಸದನ್ನು ಕಟ್ಟಿಸಲಾಯಿತು. ಆದರೆ ಅದನ್ನು ಜನರ ಹಿಂದೆ ರಸ್ತೆಯ ಬದಿಗೆ ಕಳಿಸಲಿಲ್ಲ. ಅಥೆನ್ಸಿಗೆ ಹೋಗಿ ಪುರಾತನ ಗ್ರೀಕ್ ಕಟ್ಟಡಗಳನ್ನು ಅಳೆದು ಬಂದಿದ್ದ ಜೇಮ್ಸ್ ಸ್ಟುವರ್ಟ್ ಎಂಬಾತ ಅರ್ಲ್‌ನ ಜೊತೆ ಕೂಡಿ ನಕ್ಷೆ ಹಾಕಿದ ಈ ಚರ್ಚು, ಗುಮ್ಮಟವೂ ಅಯೋನಿಕ್ ಕಂಬಗಳ ಮುಖಮಂಟಪವೂ ಇರುವ ಗ್ರೀಕ್ ಗುಡಿಯಂತೆ ಉದ್ಯಾನದ ನಡುವೆ ಎದ್ದಿತು. ಉದ್ಯಾನದ ಚಿತ್ರಕ್ಕೆ ದೂರದಲ್ಲೊಂದು ಗುಡಿ ಬೇಕಿತ್ತಲ್ಲ, ಅದು ಸಿಕ್ಕಿತು. ಊರಿನವರು ಭಾನುವಾರದ ಪ್ರಾರ್ಥನೆಗೆ, ಮದುವೆಗೆ, ಮಣ್ಣಿಗೆ ತಮ್ಮ ಹೊಸ ಮನೆಗಳಿಂದ ಒಂದು ಮೈಲಿ ನಡೆದು, ಹಿಂದೆ ತಾವಿದ್ದ ಜಾಗವನ್ನೇ ಹಾದು ಅಲ್ಲಿಗೆ ಬರಬೇಕಾಯಿತು. ರಸ್ತೆಯ ಬದಿಯಲ್ಲಿ ಅವರಿಗೆಂದೇ ಒಂದು ಚರ್ಚು ಆಗಲು ಹತ್ತೊಂಬತ್ತನೆಯ ಶತಮಾನ ಬರಬೇಕಾಯಿತು.

ಎಲ್ಲರೂ ಹೋದರು, ಒಬ್ಬಳ ಹೊರತು. ಬ್ಯಾಬ್ಸ್ ವಯಟ್ ಎಂಬ ಮುದಿ ವಿಧವೆ ತನ್ನ ಗುಡಿಸಲನ್ನು ಬಿಟ್ಟು ಬರಲು ಮನಸ್ಸು ಮಾಡಲಿಲ್ಲ. ಅರ್ಲ್ ಅವಳನ್ನು ಹಾಗೆಯೇ ಇರಲು ಬಿಟ್ಟ. ಸುತ್ತಲಿನ ಮನೆಗಳೆಲ್ಲ ಒಂದೊಂದಾಗಿ ಬಿದ್ದು, ಆ ಜಾಗದಲ್ಲಿ ಹುಲ್ಲು ಎದ್ದು, ನಮ್ಮ ಕಂದಾಯದ ಭಾಷೆಯಲ್ಲಿ ಬೇಚರಾಕ್ ಎಂದು ಕರೆಯಬಹುದಾದ ಊರಿನಲ್ಲಿ ಅವಳೊಬ್ಬಳು ಉಳಿದಳು. ಉದ್ಯಾನ ನೋಡಲು ಬರುತ್ತಿದ್ದ ಅತಿಥಿಗಳಿಗೆ ಅವಳೂ ನೋಡುವ ವಸ್ತುವಾದಳು. ಬ್ಯಾಬ್ಸ್‌ಳ ಮರ ಎಂದು ಒಂದು ಮರಕ್ಕೆ ಅವಳ ಹೆಸರು ನಿಂತಿತು.

ಆಸ್ಥಾನ ಕವಿ ವಿಲಿಯಂ ವೈಟ್‌ಹೆಡ್ ಈ ಎತ್ತಂಗಡಿಯ ಮೇಲೆ ಒಂದು ಕವಿತೆಯನ್ನು ಕಟ್ಟಿದ. ಅವನ ಪ್ರಕಾರ ಇದು ದಯಾಳುವಾದ ಒಡೆಯನ ಕಥೆ: ಹಳೆಯ ಜೋಪಡಿ ಬಿಟ್ಟು ಹೊಸ ಮನೆಗೆ ನಗುನಗುತ್ತಾ ಹೋದ ಜನ, ಇರುತ್ತೇನೆಂದ ಮುದುಕಿಯನ್ನು ಇರಗೊಟ್ಟ ಕರುಣೆ. ವೈಟ್‌ಹೆಡ್ ಯಾರೆಂಬುದನ್ನು ಇಲ್ಲಿ ನೆನೆಯುವುದು ಒಳ್ಳೆಯದು. ಅರ್ಲ್‌ನ ಮಗ ಯುರೋಪಿನ ಪ್ರವಾಸಕ್ಕೆ ಹೋದಾಗ ಗುರುವಾಗಿ ಜೊತೆಗಿದ್ದವನು ಇವನೇ. ಉಪ್ಪಿನ ಋಣ ತೀರಿಸುವುದು ಕವಿಗಳಿಗೆ ಹೊಸದೇನಲ್ಲ.

ಇನ್ನೊಂದು ದನಿ ಐರ್ಲೆಂಡಿನಿಂದ ಬಂದು ಲಂಡನ್ನಿನಲ್ಲಿ ಪೆನ್ನಿನಿಂದ ಹೊಟ್ಟೆ ಹೊರೆಯುತ್ತಿದ್ದ ಆಲಿವರ್ ಗೋಲ್ಡ್‌ಸ್ಮಿತ್‌ನದು. ಅವನು 1762ರ ಜೂನ್‌ನಲ್ಲಿ ಲಂಡನ್ನಿನ ಒಂದು ಪತ್ರಿಕೆಗೆ ಬರೆದ ಲೇಖನದಲ್ಲಿ, ಹಿಂದಿನ ಬೇಸಿಗೆಯನ್ನು ನಗರದಿಂದ ಸುಮಾರು ಐವತ್ತು ಮೈಲಿ ದೂರದ ಹಳ್ಳಿಯೊಂದರಲ್ಲಿ ಕಳೆದೆನೆಂದೂ, ಅಲ್ಲಿ ನೂರರಷ್ಟು ಮನೆಗಳಿದ್ದುವೆಂದೂ, ಭಾರಿ ಹಣ ಮಾಡಿದ ಲಂಡನ್ನಿನ ವರ್ತಕನೊಬ್ಬ ಆ ನೆಲವನ್ನು ಕೊಂಡು ವಿಲಾಸದ ತಾಣ ಮಾಡುವ ಸಲುವಾಗಿ ಜನರನ್ನು ಎಬ್ಬಿಸುತ್ತಿದ್ದಾನೆಂದೂ ಹೇಳಿದ್ದ. ಎಂಟು ವರ್ಷದ ನಂತರ, 1770ರ ಮೇ ತಿಂಗಳಲ್ಲಿ, ‘ದ ಡೆಸರ್ಟೆಡ್ ವಿಲೇಜ್’ ಎಂಬ ಅವನ ಕಾವ್ಯ ಹೊರಬಂತು. ಅದರಲ್ಲಿ ಆಬರ್ನ್ ಎಂಬ ಕಲ್ಪಿತ ಊರು ಹಾಳಾಗಿದೆ. ಶಾಲೆಯಿಲ್ಲ, ಮೇಷ್ಟರಿಲ್ಲ, ಸಂಜೆಯ ಮಾತುಕತೆಯಿಲ್ಲ. ಸಿರಿವಂತನ ಕೊಳಕ್ಕೆ, ಕುದುರೆಗೆ, ಬೇಟೆನಾಯಿಗೆ ಬೇಕಾದ ಜಾಗ ನೂರಾರು ಬಡವರ ಜಾಗವಾಗಿತ್ತು. ಊರಲ್ಲಿ ಉಳಿದದ್ದು ಒಬ್ಬ ಮುದಿ ವಿಧವೆ, ಹಳ್ಳದ ಸೊಪ್ಪು ಕಿತ್ತು ಬದುಕುವವಳು. ಪುಸ್ತಕದ ಅರ್ಪಣೆಯಲ್ಲಿ ಅವನು ಚಿತ್ರಕಾರ ಜೋಷುವಾ ರೆನಾಲ್ಡ್ಸ್‌ಗೆ, ನಾಲ್ಕೈದು ವರ್ಷ ಹಳ್ಳಿಗಾಡು ಸುತ್ತಿ ಖಚಿತಪಡಿಸಿಕೊಂಡೇ ಇದನ್ನು ಬರೆದಿದ್ದೇನೆ ಎಂದು ಹೇಳಿಕೊಂಡ.

ಆಬರ್ನ್ ನ್ಯೂನಮ್ಮೇ ಎಂಬ ವಾದವನ್ನು ಇಪ್ಪತ್ತನೆಯ ಶತಮಾನದಲ್ಲಿ ಗಟ್ಟಿಯಾಗಿ ಮುಂದಿಟ್ಟವರು ಮೇವಿಸ್ ಬೇಟಿ. ಎರಡನೆಯ ಮಹಾಯುದ್ಧದಲ್ಲಿ ಬ್ಲೆಚ್ಲಿ ಪಾರ್ಕ್‌ನಲ್ಲಿ ಕುಳಿತು ಇಟಲಿಯ ನೌಕಾಪಡೆಯ ಗುಪ್ತಲಿಪಿಯನ್ನು ಒಡೆದ ತರುಣಿ ಇವರು. ಯುದ್ಧ ಮುಗಿದ ಮೇಲೆ ನ್ಯೂನಮ್ ಉದ್ಯಾನದಲ್ಲೇ ಮನೆ ಮಾಡಿದ್ದಾಗ, ಪೊದೆಗಳ ನಡುವೆ ಮುಚ್ಚಿಹೋಗಿದ್ದ ಹಳೆಯ ತೋಟವನ್ನು ಗುರುತಿಸುತ್ತ ತೋಟಗಳ ಇತಿಹಾಸಕಾರರಾದರು. ಅವರ ವಾದಕ್ಕೆ ಬಲವಿದೆ: 1761ರ ಬೇಸಿಗೆ ಹೊಂದುತ್ತದೆ, ಲಂಡನ್ನಿನಿಂದ ದೂರ ಹೊಂದುತ್ತದೆ, ಉಳಿದುಹೋದ ವಿಧವೆಯಂತೂ ಕಣ್ಣಿಗೆ ಕಟ್ಟುವಂತೆ ಹೊಂದುತ್ತಾಳೆ. ಹೊಂದದ್ದೂ ಇದೆ. ಹಾರ್ಕೋರ್ಟ್ ಹೊಸ ಹಣದ ವರ್ತಕನಲ್ಲ, ಹಳೆಯ ಮನೆತನದವನು. ಅವನ ಜನ ಕಾವ್ಯದಲ್ಲಿ ಬರುವಂತೆ ಹಡಗು ಹತ್ತಿ ಅಮೆರಿಕಕ್ಕೆ ಹೋಗಲಿಲ್ಲ, ಒಂದು ಮೈಲಿ ಆಚೆ ಹೋದರು. ಗೋಲ್ಡ್‌ಸ್ಮಿತ್ ಬಾಲ್ಯ ಕಳೆದ ಐರ್ಲೆಂಡಿನ ಲಿಸ್ಸಾಯ್ ಊರೇ ಆಬರ್ನ್ ಎನ್ನುವವರ ಪಕ್ಷವೂ ಹಳೆಯದು. ಕವಿ ಕಂಡದ್ದನ್ನೂ ಕಳೆದುಕೊಂಡದ್ದನ್ನೂ ಒಂದೇ ಮಡಕೆಗೆ ಹಾಕಿ ಬೇಯಿಸಿದ್ದಾನೆಂದು ಕಾಣುತ್ತದೆ.

ಒಬ್ಬ ಕವಿ ಮನೆಗಳನ್ನು ಎಣಿಸಿದ, ಇನ್ನೊಬ್ಬ ಕಣ್ಣೀರನ್ನು ಎಣಿಸಿದ. ನಾನು ಮೇಲೆ ಹೇಳಿದ ಪ್ರಶ್ನೆ ಈ ಎರಡರ ನಡುವೆ ಬಿದ್ದುಹೋಗಿದೆ: ಜನರನ್ನು ಯಾರಾದರೂ ಕೇಳಿದರೇ? ಎರಡು ಕವಿತೆಗಳಲ್ಲೂ ಊರಿನವರು ಇದ್ದಾರೆ, ಆದರೆ ಒಂದು ಕಡೆ ಕೃತಜ್ಞರಾಗಿ, ಇನ್ನೊಂದು ಕಡೆ ಅನಾಥರಾಗಿ. ಬೇಡ ಎಂದವಳು ಬ್ಯಾಬ್ಸ್ ಒಬ್ಬಳೇ. ಅವಳ ‘ಬೇಡ’ ಕೂಡ ಒಡೆಯನ ಉದಾರತೆಯ ಸಾಕ್ಷಿಯಾಗಿ ಕವಿತೆಗೆ ಏರಿತು.

ಕೇಳದೆ ಮಾಡಿದರೆ ಏನಾಗುತ್ತದೆ, ಕಾನೂನು ತಿಳಿದವನು ತಿರುಗಿಬಿದ್ದರೆ ಏನಾಗುತ್ತದೆ ಎಂಬುದಕ್ಕೆ ಡಾರ್ಸೆಟ್ ಪ್ರಾಂತ್ಯದ ಮಿಲ್ಟನ್ ಆಬಸ್ ಉದಾಹರಣೆ. ಅಲ್ಲಿ ಜೋಸೆಫ್ ಡೇಮರ್ ಎಂಬ ಜಮೀನ್ದಾರ ತನ್ನ ಬಂಗಲೆಯ ಮುಂದಿದ್ದ ಇಡೀ ಪೇಟೆಯನ್ನೇ ಗೇಣಿಗಳು ಮುಗಿದ ಹಾಗೆ ಮನೆಮನೆಯಾಗಿ ಕೆಡವುತ್ತ ಬಂದ. ಹ್ಯಾರಿಸನ್ ಎಂಬ ವಕೀಲ ಗೇಣಿ ಬಿಡಲು ಒಪ್ಪದಿದ್ದಾಗ, ಕೊಳದ ತೂಬು ತೆಗೆಸಿ ಅವನ ಮನೆಗೆ ನೀರು ನುಗ್ಗಿಸಿದರೆಂದು ಪ್ರಸಿದ್ಧಿ. ವಕೀಲ ಕೋರ್ಟಿಗೆ ಹೋಗಿ ಗೆದ್ದ. ಪೇಟೆ ಮಾತ್ರ ಉಳಿಯಲಿಲ್ಲ. 1780ರ ಹೊತ್ತಿಗೆ ಕಣಿವೆಯ ಮರೆಯಲ್ಲಿ ಹುಲ್ಲಿನ ಸೂರಿನ ಒಂದೇ ತರಹದ ಮನೆಗಳ ಹಳ್ಳಿ ಎದ್ದಿತು. ಇಂದು ಅಲ್ಲಿಗೆ ಫೋಟೊ ತೆಗೆಯಲು ಪ್ರವಾಸಿಗಳು ಬರುತ್ತಾರೆ.

ನ್ಯೂನಮ್‌ನ ಅರ್ಲ್ 1777ರ ಸೆಪ್ಟೆಂಬರ್‌ನಲ್ಲಿ, ಬಾವಿಗೆ ಬಿದ್ದ ತನ್ನ ನೆಚ್ಚಿನ ನಾಯಿಯನ್ನು ಎತ್ತಲು ಹೋಗಿ ತಾನೇ ಬಿದ್ದು ಸತ್ತ. ಮಗ ಜಾರ್ಜ್ ಸೈಮನ್ ಬೇರೆ ಬಗೆಯವನು. ಅರಸೊತ್ತಿಗೆಯ ಬಗ್ಗೆ ಒಲವಿಲ್ಲದ, ಚಿಂತಕ ರೂಸೋನ ಸ್ನೇಹ ಮಾಡಿದ್ದ ಈತ, ಅಪ್ಪ ಬದುಕಿದ್ದಾಗಲೇ ವಿಲಿಯಂ ಮೇಸನ್ ಎಂಬ ಕವಿಯ ಕೈಯಲ್ಲಿ ಹೂದೋಟ ಮಾಡಿಸಿ ಅದರಲ್ಲಿ ರೂಸೋನ ಪ್ರತಿಮೆ ನಿಲ್ಲಿಸಿದ. ‘ಇದು ನನ್ನದು’ ಎಂದು ಮೊದಲು ಬೇಲಿ ಹಾಕಿದವನೇ ನಾಗರಿಕ ಸಮಾಜದ, ಅದರ ಅಸಮಾನತೆಯ ಮೂಲಪುರುಷ ಎಂದು ಬರೆದವನ ಮುಖ, ಊರು ಎತ್ತಿಸಿದ ಮನೆತನದ ಹೂಗಳ ನಡುವೆ. ತಂದೆಯ ಕೆಲಸವನ್ನು ಮಗ ಹಿಂದೆಗೆಯಲಿಲ್ಲ. ಹೆಸರಾಂತ ಉದ್ಯಾನ ವಿನ್ಯಾಸಕ ಲ್ಯಾನ್ಸೆಲಟ್ ಬ್ರೌನ್‌ನನ್ನು ಕರೆಸಿ 1779ರಿಂದ ಉದ್ಯಾನವನ್ನು ಇನ್ನಷ್ಟು ತಿದ್ದಿಸಿದ. ಒಕ್ಕಲುಗಳ ವಿಷಯದಲ್ಲಿ ಅವನು ಮೇಷ್ಟರಾದ: ಒಳ್ಳೆಯ ನಡತೆಯವರಿಗೆ ಬಹುಮಾನ ಕೊಡುವ ಪದ್ಧತಿ ಹಾಕಿದ.

ಬ್ರೌನ್ ಯೋಜಿಸಿದ್ದ ಗೋಪುರ ಏಳಬೇಕಿದ್ದ ಕಡೆ ಬಂದು ನಿಂತದ್ದು ಆಕ್ಸ್‌ಫರ್ಡ್‌ನಿಂದ ಎತ್ತಿ ತಂದ ಇನ್ನೊಂದು ವಸ್ತು. ಆ ನಗರದ ನಡುವೆ ನಾಲ್ಕು ರಸ್ತೆ ಕೂಡುವ ಜಾಗಕ್ಕೆ ಕಾರ್ಫಾಕ್ಸ್ ಎಂದು ಹೆಸರು. ನಾಲ್ಕು ಕವಲು ಎಂಬ ಲ್ಯಾಟಿನ್ ಮಾತಿನಿಂದ ಬಂದದ್ದು. ಹದಿನೇಳನೆಯ ಶತಮಾನದ ಆರಂಭದಲ್ಲಿ ಆಟೊ ನಿಕೊಲ್ಸನ್ ಎಂಬವನು ಬೆಟ್ಟದ ಚಿಲುಮೆಗಳಿಂದ ನಗರಕ್ಕೆ ನೀರು ತರಿಸಿ, ಈ ಕೂಡುರಸ್ತೆಯಲ್ಲಿ ಕೆತ್ತನೆಯ ಕಲ್ಲಿನ ಭರ್ಜರಿ ನೀರುಮನೆಯೊಂದನ್ನು ಕಟ್ಟಿಸಿದ್ದ. ಗಾಡಿಗಳು ಹೆಚ್ಚಿದಾಗ ಅದು ದಾರಿಗೆ ಅಡ್ಡವಾಯಿತು. 1787ರಲ್ಲಿ ಅದನ್ನು ಬಿಚ್ಚಿ ಅರ್ಲ್‌ಗೆ ಕೊಟ್ಟರು, ಅವನು ತನ್ನ ದಿಬ್ಬದ ಮೇಲೆ ಮತ್ತೆ ಜೋಡಿಸಿದ. ನೋಟಕ್ಕೆ ಅಡ್ಡವಾದ ಊರು ರಸ್ತೆಗೆ ಹೋಯಿತು, ರಸ್ತೆಗೆ ಅಡ್ಡವಾದ ನೀರುಮನೆ ನೋಟಕ್ಕೆ ಬಂತು. ನೀರಿಲ್ಲದ ಆ ನೀರುಮನೆ ಇಂದಿಗೂ ಅಲ್ಲೇ ಇದೆ.

ಮುಂದಿನ ನೂರು ವರ್ಷ ಬಂಗಲೆಗೆ ವೈಭವದ ಕಾಲ. ಮೂರನೆಯ ಜಾರ್ಜ್ ಬಂದ, ವಿಕ್ಟೋರಿಯಾ ರಾಣಿ ಬಂದಳು. ಆಕ್ಸ್‌ಫರ್ಡ್‌ನ ಮೇಷ್ಟರುಗಳೂ ವಿದ್ಯಾರ್ಥಿಗಳೂ ದೋಣಿಯಲ್ಲಿ ಬಂದು ನದಿಯಂಚಿನಲ್ಲಿ ಬುತ್ತಿ ಬಿಚ್ಚುವುದು ವಾಡಿಕೆಯಾಯಿತು. ಇಳಿಗಾಲ ಬಂದದ್ದು ತೆರಿಗೆಯ ರೂಪದಲ್ಲಿ, ಅದೂ ಮನೆಯವನ ಕೈಯಿಂದಲೇ. ಇದೇ ವಂಶದ ಕಿರಿಯ ಕವಲಿನ ವಿಲಿಯಂ ಹಾರ್ಕೋರ್ಟ್ ಹಣಕಾಸು ಮಂತ್ರಿಯಾಗಿ 1894ರಲ್ಲಿ, ಸತ್ತವರ ಆಸ್ತಿಯ ಮೇಲೆ ಭಾರಿ ಸುಂಕ ವಿಧಿಸುವ ಕಾಯಿದೆ ತಂದ; ಇಂಗ್ಲೆಂಡಿನ ದೊಡ್ಡ ಬಂಗಲೆಗಳು ಕೈಬದಲಾಗಲು ಅದು ಮುಖ್ಯ ಕಾರಣಗಳಲ್ಲಿ ಒಂದಾಯಿತು. ಹತ್ತು ವರ್ಷದ ನಂತರ ಅಣ್ಣನ ಮಗ ತೀರಿಕೊಂಡು ನ್ಯೂನಮ್ ಅವನಿಗೇ ಬಂತು, ಜೊತೆಗೆ ಸುಂಕದ ಲೆಕ್ಕವೂ ಬಂತು. ಅದೇ 1904ರ ಅಕ್ಟೋಬರ್‌ನಲ್ಲಿ ಅವನು ಅಲ್ಲೇ ಸತ್ತ. ಎರಡನೆಯ ಮಹಾಯುದ್ಧದಲ್ಲಿ ಬಂಗಲೆಯನ್ನು ವಾಯುಪಡೆ ವಶಕ್ಕೆ ತೆಗೆದುಕೊಂಡಿತು. ಆಕಾಶದಿಂದ ತೆಗೆದ ಚಿತ್ರಗಳನ್ನು ಓದುವ ಕೆಲಸ ಅಲ್ಲಿ ನಡೆಯಿತು. ಯುದ್ಧದ ನಂತರ ಜಹಗೀರು ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಪಾಲಾಯಿತು. 1830ರ ದಶಕದಲ್ಲಿ ಹಾರ್ಕೋರ್ಟ್‌ಗಳು ನೆಡಿಸಿದ ಶಂಕುಮರಗಳ ತೋಪು ಈಗ ವಿಶ್ವವಿದ್ಯಾಲಯದ ಸಸ್ಯತೋಟ, ಟಿಕೆಟ್ ಕೊಂಡವರೆಲ್ಲ ಒಳಗೆ ಹೋಗಬಹುದು. ಬಂಗಲೆಯಾದರೋ 1993ರಲ್ಲಿ, ನಮ್ಮ ತಾಲ್ಲೂಕು ಕೇಂದ್ರಗಳಲ್ಲೂ ಬಿಳಿ ಸೀರೆಯ ಸೋದರಿಯರಿಂದ ಪರಿಚಿತವಾದ ಬ್ರಹ್ಮಾಕುಮಾರಿ ಸಂಸ್ಥೆಯ ಧ್ಯಾನಕೇಂದ್ರವಾಯಿತು. ಗ್ರೀಕ್ ಗುಡಿಯಂತಹ ಚರ್ಚಿನಲ್ಲಿ ನಿತ್ಯದ ಆರಾಧನೆ ನಿಂತಿದೆ. ಬಳಕೆ ತಪ್ಪಿದ ಚರ್ಚುಗಳನ್ನು ನೋಡಿಕೊಳ್ಳುವ ಟ್ರಸ್ಟ್ ಅದನ್ನು ಕಾಯುತ್ತಿದೆ.

ರಸ್ತೆಯ ಬದಿಯ ಜೋಡಿಮನೆಗಳಲ್ಲಿ ಮಾತ್ರ ಈಗಲೂ ಜನರಿದ್ದಾರೆ. ಕುದುರೆಗಾಡಿಯ ಕಾಲದಲ್ಲಿ ಅನುಕೂಲವಾಗಿದ್ದ ರಸ್ತೆ ಈಗ ಆಕ್ಸ್‌ಫರ್ಡ್ ಮತ್ತು ರೆಡಿಂಗ್ ನಡುವಿನ ವಾಹನಗಳ ದಾರಿ. ಬೆಳಗಿನ ಹೊತ್ತು ಮನೆಯ ಗೇಟಿನಿಂದ ಕಾರು ಹೊರತೆಗೆಯಲು ಸಾಲಿನ ನಡುವೆ ಸಂದು ಸಿಗುವವರೆಗೆ ಕಾಯಬೇಕು. ಆ ಮನೆಗಳು ಸಂರಕ್ಷಿತ ಕಟ್ಟಡಗಳ ಪಟ್ಟಿಯಲ್ಲಿವೆ. ಹಾಗಾಗಿ ಮನೆಯವರು ಲಾರಿಗಳ ಸದ್ದು ತಡೆಯಲು ಕಿಟಕಿ ಬದಲಿಸಬೇಕೆಂದರೂ, ಸಾಲಿನ ರೂಪ ಕೆಡುವುದಿಲ್ಲವೆಂದು ತೋರಿಸಿ ಮೊದಲು ಅನುಮತಿ ಪಡೆಯಬೇಕು.